ಕಂಪ್ಯೂಟರಿನ ಪಂಚನಾಮೆ

ಶನಿವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಶಶಿಕಾಂತ ಬಂಗೇರರು ಕಂಪ್ಯೂಟರಿನ ಬಟನ್ ಒತ್ತಿದರು. ಅದು ಗುರ್ ಎಂದು ಒಮ್ಮೆ ಉಸಿರೆಳೆದು, ಪೀಂ ಪೀಂ ಪೀಂ ಎಂದು ಮೂರು ಸಲ ಕೂಗಿ ತಣ್ಣಗಾಯಿತು. ಇನ್ನೊಮ್ಮೆ ಒತ್ತಿದರು. ಅದೇ ಗುರ್, ಅದೇ ಪೀಂ, ಮತ್ತೆ ಮೌನ. ಪರದೆ ಅಮಾವಾಸ್ಯೆಯ ಆಕಾಶದಂತೆ ಕಪ್ಪಗೆ ಕೂತಿತ್ತು. ಬೇರೆ ಯಾರಾದರೂ ಆಗಿದ್ದರೆ "ಕಂಪ್ಯೂಟರ್ ಕೆಟ್ಟಿತು" ಅನ್ನುತ್ತಿದ್ದರು. ಬಂಗೇರರು "ಕೆಡಿಸಿದರು" ಅಂದರು.

ಕೆಟ್ಟಿತು, ಕೆಡಿಸಿದರು ಎಂಬ ಈ ಎರಡು ಕ್ರಿಯಾಪದಗಳ ನಡುವೆ ಇರುವುದೇ ಬಂಗೇರರ ಮೂವತ್ತಾರು ವರ್ಷದ ನೌಕರಿ. ಅವರು ಮುಂಬಯಿಯ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಟಿಸಿ ಆಗಿದ್ದವರು. ಲೋಕಲಿನಿಂದ ಇಳಿದು ಮೆಟ್ಟಿಲಿನ ಕಡೆಗೆ ನುಗ್ಗುವ ಸಾವಿರ ಜನರಲ್ಲಿ, ಟಿಕೆಟ್ ಇಲ್ಲದ ಒಬ್ಬನೇ ಒಬ್ಬನ ಭುಜದ ಮೇಲೆ ಅವರ ಕೈ ಬೀಳುತ್ತಿತ್ತು. ಮುಖ ನೋಡಿ ಜೇಬು ಹೇಳುವ ವಿದ್ಯೆ ಅದು. ನಾಲ್ಕು ವರ್ಷದ ಹಿಂದೆ ನಿವೃತ್ತಿಯಾದಾಗ ಕಪ್ಪು ಕೋಟನ್ನು ಡ್ರೈಕ್ಲೀನ್ ಮಾಡಿಸಿ ಕಪಾಟಿನಲ್ಲಿಟ್ಟರು, ವಿದ್ಯೆಯನ್ನು ಮಾತ್ರ ಇಡಲು ಜಾಗ ಸಿಗಲಿಲ್ಲ. ಹಾಗಾಗಿ ಅದು ಮುಲುಂಡಿನ ಆ ಮೂರನೆಯ ಮಾಳಿಗೆಯ ಮನೆಯಲ್ಲೇ ಓಡಾಡಿಕೊಂಡಿತ್ತು. ಹಾಲಿನ ಪ್ಯಾಕೆಟ್ಟನ್ನು ಯಾರೋ ಸೂಜಿಯಿಂದ ಚುಚ್ಚಿದ್ದಾರೆ, ಪೇಪರನ್ನು ಯಾರೋ ಮೊದಲೇ ಓದಿ ಮಡಚಿ ಹಾಕಿದ್ದಾರೆ, ಲಿಫ್ಟಿನವನು ತಮ್ಮನ್ನು ಕಂಡರೆ ಮಾತ್ರ ಲಿಫ್ಟ್ ಹಾಳಾಗಿದೆ ಎನ್ನುತ್ತಾನೆ (ಇದು ಮಾತ್ರ ನಿಜವಿರಲೂಬಹುದು).

ಅವರ ಕರಾವಳಿಯ ಊರಿನ ಕಡೆಯವರೂ ಉತ್ತರ ಕರ್ನಾಟಕದವರೂ ಸೇರಿ ನಡೆಸುತ್ತಿದ್ದ ಅಲ್ಲಿನ ಕನ್ನಡ ಸಂಘಕ್ಕೆ ಆ ವರ್ಷ ಇಪ್ಪತ್ತೈದು ತುಂಬುತ್ತಿತ್ತು. ಸ್ಮರಣ ಸಂಚಿಕೆಗೆ ಬಂಗೇರರನ್ನು ಸಂಪಾದಕರನ್ನಾಗಿ ಮಾಡಿದ್ದೇ ಈ ವಿದ್ಯೆಗಾಗಿ. ಹಿಂದಿನ ಸಂಚಿಕೆಯಲ್ಲಿ ಅಚ್ಚಾದ ಕವಿತೆಗಳಲ್ಲಿ ಅರ್ಧ ಬೇರೆಯವರವು ಎಂದು ಆಮೇಲೆ ತಿಳಿದು ಸಂಘಕ್ಕೆ ಮುಜುಗರವಾಗಿತ್ತು. ಈ ಸಲ ಪ್ರತಿ ಕವಿತೆಯನ್ನೂ ನಿಲ್ಲಿಸಿ, ಎಲ್ಲಿಂದ ಹತ್ತಿದ್ದು, ಎಲ್ಲಿಗೆ ಹೋಗುವುದು ಎಂದು ಕೇಳುವ ಮನುಷ್ಯ ಬೇಕಾಗಿತ್ತು. ಬಂಗೇರರು ಕೇಳಿದರು. ಮೂರು ತಿಂಗಳು ಒಂದೇ ಬೆರಳಿನಲ್ಲಿ ನೂರ ಹನ್ನೆರಡು ಪುಟ ಟೈಪ್ ಮಾಡಿದರು. ಭಾನುವಾರ ಸಂಜೆಯೊಳಗೆ ಅದೆಲ್ಲ ಭಾಂಡುಪಿನ ಪ್ರೆಸ್ಸಿಗೆ ಹೋಗಬೇಕಿತ್ತು. ಪ್ರೆಸ್ಸಿನ ಶೇಖರ, "ಭಾನುವಾರ ತಪ್ಪಿದರೆ ಮತ್ತೆ ನನ್ನ ಮಷೀನು ಮದುವೆ ಕಾಗದಕ್ಕೆ ಹೋಗ್ತದೆ" ಎಂದು ಮೊದಲೇ ಹೇಳಿಟ್ಟಿದ್ದ.

ಆ ನೂರ ಹನ್ನೆರಡು ಪುಟಕ್ಕೆ ಬೇರೆ ಪ್ರತಿ ಇರಲಿಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟರೆ ಯಾರ ಜೇಬಿಗಾದರೂ ಇಳಿಯಬಹುದು. ಕ್ಲೌಡ್‌ನಲ್ಲಿ ಇಡು ಪಪ್ಪಾ ಎಂದು ಮಗಳು ಹೇಳಿದ್ದಳು. ಮೋಡದಲ್ಲಿ ಇಟ್ಟದ್ದು ಯಾರ ಅಂಗಳದಲ್ಲಿ ಸುರಿಯುತ್ತದೋ ಯಾರಿಗೆ ಗೊತ್ತು ಎಂದು ಬಂಗೇರರು ಬಿಟ್ಟಿದ್ದರು.

"ಸೇವಂತೀ, ಇಲ್ಲಿ ಬಾ" ಎಂದು ಕರೆದರು.

"ದೋಸೆ ಕಾವಲಿಯಲ್ಲುಂಟು. ಅಲ್ಲಿಂದಲೇ ಹೇಳಿ" ಎಂದಳು ಹೆಂಡತಿ ಅಡುಗೆಮನೆಯಿಂದ.

"ನಿನ್ನೆಯಿಂದ ಈಚೆಗೆ ಈ ಕಂಪ್ಯೂಟರಿನ ಹತ್ತಿರ ಯಾರು ಬಂದದ್ದು?"

"ಅದು ಇರುವುದು ಹಾಲಿನಲ್ಲಿ ಮಾರಾಯ್ರೆ. ಅಡುಗೆಮನೆಗೆ ಹೋಗಬೇಕಾದರೆ ಅದರ ಹತ್ತಿರದಿಂದಲೇ ಹೋಗಬೇಕು. ಹಾರಿ ಹೋಗ್ಲಿಕ್ಕೆ ನನಗೆ ರೆಕ್ಕೆ ಉಂಟಾ?"

ಉತ್ತರ ಸರಿಯಾಗಿತ್ತು. ಸರಿಯಾದ ಉತ್ತರ ಥಟ್ಟನೆ ಬಂದರೆ ಅದರಲ್ಲೇನೋ ಇದೆ ಎಂಬುದು ಬಂಗೇರರ ಅನುಭವ. ಅಲ್ಲದೆ ಸೇವಂತಿಗೆ ಕಾರಣವೂ ಇತ್ತು.

ಸಂಚಿಕೆಗೆಂದು ಸೇವಂತಿ ಒಂದು ಲೇಖನ ಬರೆದಿದ್ದಳು. ಮದುವೆಯಾಗಿ ಮುಂಬಯಿಗೆ ಬಂದ ಮೊದಲ ವರ್ಷದ ನೆನಪುಗಳು. ಭಾಂಡುಪಿನ ಚಾಳು, ಬೆಳಗಾಗುವ ಮೊದಲೇ ನೀರಿನ ಸಾಲು, ಪಕ್ಕದ ಮನೆಯ ಮರಾಠಿ ಆಜಿ ಕಲಿಸಿದ ಭಾಕರಿ, ಎಲ್ಲ ಸೊಗಸಾಗಿ ಬಂದಿತ್ತು. ಐದನೆಯ ಪುಟದಲ್ಲಿ ಮಾತ್ರ ಅವಳ ಅಪ್ಪ ಬರುತ್ತಿದ್ದರು. ಕಾಪುವಿನಿಂದ ಬಸ್ಸಿನಲ್ಲಿ ಬಂದು, ಹೊಸ ಅಳಿಯನ ಮನೆಗೆಂದು ಹಲಸಿನ ಹಣ್ಣು ಹೊತ್ತು, ಲೋಕಲಿನಲ್ಲಿ ಗೊತ್ತಿಲ್ಲದೆ ಫಸ್ಟ್ ಕ್ಲಾಸಿಗೆ ಹತ್ತಿ ಇಳಿದವರನ್ನು ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಟಿಸಿ ಹಿಡಿಯುತ್ತಾನೆ. ಆ ಟಿಸಿ ಮಾವನನ್ನು ಗುರುತಿಸುತ್ತಾನೆ, ಕಾಲು ಮುಟ್ಟಿ ನಮಸ್ಕರಿಸುತ್ತಾನೆ, ಆಮೇಲೆ ರಸೀದಿ ಪುಸ್ತಕ ತೆಗೆದು ದಂಡ ಹಾಕುತ್ತಾನೆ. "ಅಪ್ಪ ಆ ರಸೀದಿಯನ್ನು ಊರಿನಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು" ಎಂದು ಸೇವಂತಿ ಮುಗಿಸಿದ್ದಳು.

ಸ್ಥಳಾವಕಾಶದ ಕೊರತೆಯಿಂದ ಸಂಪಾದಕರು ಐದನೆಯ ಪುಟವನ್ನು ತೆಗೆದುಹಾಕಿದರು. ಬುಧವಾರ ಬಂಗೇರರು ಫೈಲು ತೆರೆದು ನೋಡುತ್ತಾರೆ, ಮಾವನವರು ಹಲಸಿನ ಹಣ್ಣಿನ ಸಮೇತ ವಾಪಸು ಬಂದಿದ್ದಾರೆ. ಮತ್ತೆ ತೆಗೆದರು. ಗುರುವಾರ ತೆರೆದರೆ ಮಾವನವರು ಅಲ್ಲೇ ಇದ್ದಾರೆ.

ಮನೆಯಲ್ಲೇ ಕಳ್ಳರು ಎಂದು ಗೊತ್ತಾದ ಮೇಲೆ ಬಂಗೇರರು ಸುಮ್ಮನಿರುವವರಲ್ಲ. ಕೀಬೋರ್ಡಿನ ಮೇಲೂ, ನೆಲದಲ್ಲಿಟ್ಟಿದ್ದ ಸಿಪಿಯು ಡಬ್ಬದ ಮೇಲೂ, ಅದರ ಸುತ್ತಲಿನ ನೆಲಕ್ಕೂ ತೆಳುವಾಗಿ ಪೌಡರ್ ಉದುರಿಸಿದರು. ಬೆರಳಿನ ಗುರುತು, ಹೆಜ್ಜೆಯ ಗುರುತು ಯಾವುದಾದರೊಂದು ಸಿಕ್ಕೇ ಸಿಗುತ್ತದೆ. ಗಾಳಕ್ಕೆ ಎರೆಹುಳ ಸಿಕ್ಕಿಸಿದ ಹಾಗೆ ಆ ಲೇಖನವನ್ನೇ ಪರದೆಯ ಮೇಲೆ ತೆರೆದಿಟ್ಟು, ಕಂಪ್ಯೂಟರನ್ನು ಚಾಲೂ ಬಿಟ್ಟು, ಚೀಲ ಹಿಡಿದು ಮಾರ್ಕೆಟ್ಟಿಗೆ ಹೋದರು. ಒಂದೂವರೆ ಗಂಟೆ ಬಿಟ್ಟು ಬಂದು ನೋಡಿದರೆ ಕೀಬೋರ್ಡಿನ ಪೌಡರ್ ಹಾಗೇ ಇತ್ತು. ಸಿಪಿಯುವಿನ ಮುಂದಿನ ನೆಲದಲ್ಲಿ ಮಾತ್ರ ಅರ್ಧಚಂದ್ರಾಕಾರದಲ್ಲಿ ಪೌಡರ್ ಮಾಯವಾಗಿತ್ತು. ಒಂದು ಹೆಜ್ಜೆಯ ಗುರುತಿಲ್ಲ.

ಒರೆಸಿದ್ದಾರೆ, ಎಂದುಕೊಂಡರು ಬಂಗೇರರು. ಸಾಕ್ಷ್ಯ ನಾಶ. ಎದುರಾಳಿ ಸಾಮಾನ್ಯನಲ್ಲ. ಶುಕ್ರವಾರ ಇಡೀ ದಿನ ಎರಡರಷ್ಟು ಪೌಡರ್ ಹಾಕಿದರು, ಮೂರು ಸಲ. ಮೂರು ಸಲವೂ ಅರ್ಧಚಂದ್ರ.

ಶನಿವಾರ ಕಂಪ್ಯೂಟರೇ ಸತ್ತು ಕೂತಿತ್ತು.

ಮಗಳು ಯಕ್ಷಿತಾ ಕಣ್ಣುಜ್ಜಿಕೊಂಡು ಒಳಕೋಣೆಯಿಂದ ಬಂದಳು. ಐರೋಲಿಯ ಆಫೀಸಿಗೆ ಹೋಗುವವಳು, ಶನಿವಾರ ರಜೆ. "ಕ್ಯಾ ಹುವಾ ಪಪ್ಪಾ? ಯಾಕೆ ಬೆಳಿಗ್ಗೆ ಬೆಳಿಗ್ಗೆ ಅಲಾರ್ಮ್ ತರಹ ಪೀಂ ಪೀಂ?"

"ನೀನು ಇದಕ್ಕೆ ಏನಾದರೂ ಮಾಡಿದ್ದೀಯಾ?"

"ಮೈಂ? ಹಾಥ್ ಭೀ ನಹೀ ಲಗಾಯಾ, ಮುಟ್ಟೇ ಇಲ್ಲ. ನನಗೆ ಲ್ಯಾಪ್‌ಟಾಪ್ ಇದೆ ಅಲ್ಲ. ಈ ಡಬ್ಬಾ ಮೇಲೆ ಯಾರಿಗೆ ಇಂಟರೆಸ್ಟ್?"

ಹೋದ ತಿಂಗಳು ಇದೇ ಮಗಳು, ಆ ಡಬ್ಬವನ್ನು ಗುಜರಿಯ ಭಂಗಾರಿಗೆ ಕೊಟ್ಟು ಆ ಜಾಗದಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡೋಣ ಎಂದಿದ್ದಳು. ಬಂಗೇರರು ಅವಳ ಮುಖವನ್ನೇ ಎರಡು ಕ್ಷಣ ನೋಡಿ, ಮನಸ್ಸಿನಲ್ಲಿ ಒಂದು ಗುರುತು ಹಾಕಿಕೊಂಡರು. ಇಬ್ಬರಾದರು.

ಮೂರನೆಯವರು ಒಂಬತ್ತು ಗಂಟೆಗೆ ತಾವಾಗಿಯೇ ಬಂದರು. ಎದುರು ಮನೆಯ ಶಿವಪುತ್ರಪ್ಪ. ಕಲಬುರಗಿಯ ಕಡೆಯವರು, ದೊಡ್ಡ ಬಿಲ್ಡಿಂಗುಗಳಿಗೆ ವೈರಿಂಗ್ ಮಾಡಿಸುವ ಕಾಂಟ್ರಾಕ್ಟರು, ಮೀಸೆಯಷ್ಟೇ ದೊಡ್ಡ ಮನಸ್ಸು ಎಂದು ಇಡೀ ಸೊಸೈಟಿ ಹೇಳುತ್ತಿತ್ತು. ಅವರು ಸಂಚಿಕೆಗೆ ನಲವತ್ತೆಂಟು ನುಡಿಗಳ ಒಂದು ಪದ್ಯ ಕೊಟ್ಟಿದ್ದರು. ಲೋಕಲ್ ರೈಲಿನ ಮೇಲೆ. ಅದರ ಹದಿಮೂರನೆಯ ನುಡಿಯಲ್ಲಿ "ಕರಿ ಕೋಟ ಹಾಕ್ಕೊಂಡ ಕಾಗಿ" ಎಂದು ಒಂದು ಉಪಮೆ ಇತ್ತು. ಬಂಗೇರರು ಪದ್ಯವನ್ನು ವಾಪಸು ಮಾಡಿದ್ದರು, ಛಂದಸ್ಸು ಸರಿಯಿಲ್ಲ ಎಂದು.

"ಯಾಕ್ರೀ ಬಂಗೇರ ಸಾಹೇಬ್ರ, ಮಾರಿ ಸಣ್ಣ ಮಾಡೀರಿ?" ಎಂದರು ಶಿವಪುತ್ರಪ್ಪ ಬಾಗಿಲಲ್ಲಿ ನಿಂತು. "ಯಕ್ಷಿತಾ ತಂಗಿ ಈಗ ಹೇಳಿದ್ಳು, ಕಂಪ್ಯೂಟರ್ ಸ್ಟಾರ್ಟ್ ಆಗವಲ್ದು ಅಂತ. ಟೆಸ್ಟರ್ ತಂದೀನಿ, ನೋಡೋಣ ತಗೋರಿ."

ಕರೆಯದೆ ಬಂದವನು, ಬರುವಾಗಲೇ ಟೆಸ್ಟರ್ ತಂದವನು. ಬಂಗೇರರು ಅವರನ್ನು ಒಳಗೆ ಬಿಟ್ಟರು, ಆದರೆ ಒಂದು ಮಾರಿಗಿಂತ ದೂರ ಬಿಡಲಿಲ್ಲ. ಶಿವಪುತ್ರಪ್ಪ ಪ್ಲಗ್ಗಿನ ತೂತಿಗೆ ಟೆಸ್ಟರ್ ಹಾಕಿದರು. ದೀಪ ಹತ್ತಿತು. ವೈರು ತೆಗೆದು ಬೇರೆ ವೈರು ಹಾಕಿದರು. ಬಟನ್ ಒತ್ತಿದರು. ಗುರ್, ಪೀಂ ಪೀಂ ಪೀಂ, ಮೌನ.

"ಕರೆಂಟ್ ಬರಾಕತ್ತೈತಿ. ಒಳಗ ಏನೋ ಸಿಗಾಕ್ಕೊಂಡೈತ್ರಿ."

"ಒಳಗೆ ಸಿಕ್ಕಿಕೊಂಡದ್ದು ನಿಮಗೆ ಹೇಗೆ ಗೊತ್ತು?" ಎಂದು ಬಂಗೇರರು ಕಣ್ಣು ಕಿರಿದು ಮಾಡಿ ಕೇಳಿದರು.

"ಫ್ಯಾನ್ ಸಪ್ಪಳ ಕೇಳ್ರಿ, ಗಂಟಲದಾಗ ಅನ್ನ ಸಿಕ್ಕಂಗ ಮಾಡ್ತದ."

"ಮೊನ್ನೆ ಸಂಜೆ ನೀವು ಸ್ಟೀಲ್ ಡಬ್ಬ ವಾಪಸು ಕೊಡ್ಲಿಕ್ಕೆ ಬಂದದ್ದಲ್ಲ, ಆಗ ಈ ಸ್ವಿಚ್‌ಬೋರ್ಡಿನ ಹತ್ತಿರ ನಿಂತಿದ್ದಿರಿ."

ಶಿವಪುತ್ರಪ್ಪ ಟೆಸ್ಟರನ್ನು ಜೇಬಿಗೆ ಇಳಿಸಿದರು. "ಸಾಹೇಬ್ರ," ಎಂದರು ನಿಧಾನವಾಗಿ, "ನಿಮ್ಮ ಮನಿಯಾಗ ಸ್ವಿಚ್‌ಬೋರ್ಡ್ ಬಾಗಲ ಬಾಜೂಕ ಐತಿ. ನಾ ಬಾಗಲದಾಗ ನಿಂತಿದ್ದೆ. ಒಳಗ ಬರ್ರಿ ಅಂತ ನೀವು ಕರೀಲಿಲ್ಲ."

ಅಡುಗೆಮನೆಯಲ್ಲಿ ಕಾವಲಿಯ ಮೇಲೆ ಸಟ್ಟುಗ ಸ್ವಲ್ಪ ಜೋರಾಗಿ ಬಿತ್ತು. ಸೇವಂತಿ ಒಂದು ತಟ್ಟೆಯಲ್ಲಿ ನೀರುದೋಸೆ, ಇನ್ನೊಂದರಲ್ಲಿ ಚಟ್ನಿ ತಂದು ಶಿವಪುತ್ರಪ್ಪನವರ ಮುಂದೆ ಇಟ್ಟಳು. ಗಂಡನ ಮುಂದೆ ಏನೂ ಇಡಲಿಲ್ಲ.

ಯಕ್ಷಿತಾ ಆಗಲೇ ಫೋನ್ ಮಾಡಿ ಮುಗಿಸಿದ್ದಳು. ಸ್ಟೇಷನ್ನಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಸ್ನೇಹಲ್ ಎಂಬ ಹುಡುಗಿ ಹನ್ನೊಂದು ಗಂಟೆಗೆ ಬರುತ್ತಾಳೆ.

ಇದು ಬಂಗೇರರಿಗೆ ಹೊಸ ಚಿಂತೆಯಾಯಿತು. ರಿಪೇರಿಯವರು ಒಳ್ಳೆಯ ಬಿಡಿಭಾಗ ತೆಗೆದು ಹಳೆಯದು ಹಾಕುತ್ತಾರೆಂದು ರೈಲಿನಲ್ಲಿ ಎಷ್ಟೋ ಜನ ಹೇಳಿಕೊಂಡದ್ದನ್ನು ಅವರು ಕೇಳಿದ್ದರು. ನೂರ ಹನ್ನೆರಡು ಪುಟಗಳಿರುವ ಆ ಹಾರ್ಡ್ ಡಿಸ್ಕೇ ಹೋಯಿತೆಂದರೆ? ಒಂದು ಉದ್ದ ಕಾಗದ ತೆಗೆದುಕೊಂಡು, ಮೇಲೆ ದಪ್ಪ ಅಕ್ಷರದಲ್ಲಿ 'ಪಂಚನಾಮೆ' ಎಂದು ಬರೆದರು. ಸ್ಥಳ, ದಿನಾಂಕ, ಹಾಜರಿದ್ದವರು. ಡಬ್ಬ ತೆರೆದಾಗ ಏನೇನು ಕಂಡಿತೋ ಅದೆಲ್ಲ ಒಂದೊಂದಾಗಿ ದಾಖಲಾಗಬೇಕು, ಕೆಳಗೆ ಇಬ್ಬರು ಪಂಚರ ಸಹಿ ಬೀಳಬೇಕು. ಪಂಚರು ಎಂದು ಮನೆಯಲ್ಲಿ ಸಿಕ್ಕವರು ಶಿವಪುತ್ರಪ್ಪ ಮತ್ತು ಯಕ್ಷಿತಾ. (ಆರೋಪಿಗಳೇ ಪಂಚರಾಗುವುದು ಕಾನೂನಿಗೆ ಒಪ್ಪುವ ವಿಷಯವಲ್ಲ ಎಂದು ಬಂಗೇರರಿಗೆ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ.)

ಸ್ನೇಹಲ್ ಬಂದಳು. ಬೆನ್ನಿಗೆ ಚೀಲ, ಕೈಯಲ್ಲಿ ಹೆಲ್ಮೆಟ್ಟು, ಸೊಂಟದ ಪಟ್ಟಿಯಲ್ಲಿ ನಾಲ್ಕು ಬಗೆಯ ಸ್ಕ್ರೂಡ್ರೈವರು. ಪೀಂ ಪೀಂ ಒಂದು ಸಲ ಕೇಳಿದವಳೇ, "ರ್‍ಯಾಮ್" ಎಂದಳು, ವೈದ್ಯರು ನಾಡಿ ಹಿಡಿದು ಪಿತ್ತ ಎಂದ ಹಾಗೆ.

"ಮೊದಲು ಸೀರಿಯಲ್ ನಂಬರ್" ಎಂದರು ಬಂಗೇರರು ಹಿಂದಿಯಲ್ಲಿ, ಪೆನ್ನು ಬಿಚ್ಚಿ.

ಅವಳು ಡಬ್ಬವನ್ನು ಮಲಗಿಸಿ ಸ್ಕ್ರೂ ಬಿಚ್ಚತೊಡಗಿದಳು. ಬಂಗೇರರು ಪ್ರತಿ ಸ್ಕ್ರೂವಿನ ತಲೆಗೂ ಶಾಯಿಯ ಚುಕ್ಕೆ ಇಟ್ಟು ತಟ್ಟೆಗೆ ಹಾಕಿದರು. ಸ್ಕ್ರೂ ನಾಲ್ಕು, ಅದರಲ್ಲಿ ಒಂದು ತುಕ್ಕು. ಅವರ ಮೂಗು ಅವಳ ಕೈಗಿಂತ ಒಂದು ಗೇಣು ಹಿಂದೆ ಇತ್ತು.

"ಕಾಕಾ, ಥೋಡಾ ಬಾಜೂಲಾ ವ್ಹಾ ನಾ. ಬೆಳಕಿಗೆ ಅಡ್ಡ ಬರ್ತೀರಿ" ಎಂದು ಅವಳು ಮರಾಠಿಯಲ್ಲಿ ವಿನಯದಿಂದ ಕೇಳಿಕೊಂಡಳು. ಬಂಗೇರರು ಎರಡು ಅಂಗುಲ ಸರಿದರು.

ಮುಚ್ಚಳ ಕಳಚಿತು. ಮೊದಲು ಮೂಗಿಗೆ ಬಡಿದದ್ದು ಗಂಧದ ಪರಿಮಳ. ದೇವಸ್ಥಾನದ ಗರ್ಭಗುಡಿ ತೆರೆದ ಹಾಗಾಯಿತು. ಆಮೇಲೆ ಕಣ್ಣಿಗೆ ಬಿದ್ದದ್ದು ಹಿಮಾಲಯ. ಫ್ಯಾನು ಬಿಳಿ, ವೈರುಗಳು ಬಿಳಿ, ಅದರ ನಡುವೆ ಎದ್ದುನಿಂತ ಪಟ್ಟಿಗಳು ಬಿಳಿ. ಸ್ನೇಹಲ್ ಬೆರಳಿನಿಂದ ಒಂದು ಗೆರೆ ಎಳೆದಳು. ಹಸಿರು ಹಲಗೆ ಕೆಳಗಿನಿಂದ ಇಣುಕಿತು.

"ಹನ್ನೊಂದು ವರ್ಷ ಆಯ್ತು ಈ ಕೆಲಸ ಶುರು ಮಾಡಿ" ಎಂದಳು ಅವಳು ಹಿಂದಿಯಲ್ಲಿ. "ಇಲಿ ನೋಡಿದ್ದೇನೆ, ಜಿರಲೆ ನೋಡಿದ್ದೇನೆ. ಒಂದ್ಸಲ ದಹಿಸರ್‌ನಲ್ಲಿ ಗುಬ್ಬಿ ಗೂಡು ಇತ್ತು. ಇದು ಮಾತ್ರ ಫಸ್ಟ್ ಟೈಮ್."

"ಬರಕೋರಿ ಸಾಹೇಬ್ರ," ಎಂದರು ಪಂಚ ಶಿವಪುತ್ರಪ್ಪ ಗಂಭೀರವಾಗಿ. "ನಂಬರ್ ಏಳು. ಬಿಳಿ ಪುಡಿ. ಎರಡು ಮುಷ್ಟಿ. ವಾಸನಿ, ಗಂಧದ್ದು."

ಬಂಗೇರರು ಬರೆದರು. ಬರೆಯುವಾಗ ಅವರ ಪೆನ್ನು 'ಬಿಳಿ'ಯವರೆಗೆ ಚೆನ್ನಾಗಿ ಓಡಿತು. 'ಪುಡಿ' ಬರುವಾಗ ಸ್ವಲ್ಪ ನಿಧಾನವಾಯಿತು. 'ಗಂಧ'ದಲ್ಲಿ ನಿಂತೇ ಹೋಯಿತು. ಅರ್ಧಚಂದ್ರಾಕಾರದಲ್ಲಿ ಪೌಡರ್ ಮಾಯವಾಗುತ್ತಿದ್ದ ಜಾಗ, ಸಿಪಿಯುವಿನ ಮುಂದಿನ ಜಾಲರಿ, ಅದರ ಹಿಂದೆ ತಿರುಗುತ್ತಿದ್ದ ಫ್ಯಾನು, ಎಲ್ಲ ಸಾಲಾಗಿ ಬಂದು ಅವರ ಮುಂದೆ ನಿಂತವು. ಟಿಕೆಟ್ ತೋರಿಸಿ ಎಂದು ಯಾರೋ ಭುಜದ ಮೇಲೆ ಕೈ ಇಟ್ಟಂತಾಯಿತು.

"ಇದು ಮನಶ್ಯಾರು ಹಚ್ಕೊಳ್ಳೋ ಪೌಡರ್ ಅದರೀ," ಶಿವಪುತ್ರಪ್ಪ ಮೂಸಿ ನೋಡಿದರು. "ಕಂಪ್ಯೂಟರ್‌ಗೆ ಯಾರು ಮೇಕಪ್ ಮಾಡ್ಯಾರ?"

ಪರಿಮಳ ಅಡುಗೆಮನೆಗೆ ತಲುಪಿತು. ಸೇವಂತಿ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ಪೌಡರಿನ ಡಬ್ಬಿ ತಂದು ತಲೆಕೆಳಗೆ ಮಾಡಿ ಕೊಡವಿದಳು. ಏನೂ ಬೀಳಲಿಲ್ಲ.

"ಹೊಸ ಡಬ್ಬಿ, ಸೋಮವಾರ ತಂದದ್ದು" ಎಂದಳು. "ಎರಡು ದಿನದಿಂದ ಕಡಿಮೆಯಾಗ್ತಾ ಇತ್ತು. ನಾನು ಕೇಳಲಿಲ್ಲ. ಈ ಪ್ರಾಯದಲ್ಲಿ ಇವರು ಪೌಡರ್ ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗುವುದು ಯಾರನ್ನು ನೋಡ್ಲಿಕ್ಕೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕ್ತಾ ಇದ್ದೆ. ನಿನ್ನೆ ಮೀನಿನ ಮಾರ್ಕೆಟ್ಟಿಗೆ ನಿಮ್ಮ ಹಿಂದೆಯೇ ಬಂದಿದ್ದೆ, ಗೊತ್ತುಂಟಾ ನಿಮಗೆ?"

ಬಂಗೇರರಿಗೆ ಗೊತ್ತಿರಲಿಲ್ಲ. ಮೂವತ್ತಾರು ವರ್ಷ ಜನರನ್ನು ಹಿಂಬಾಲಿಸಿದವರನ್ನು ಒಬ್ಬಳು ಹೆಂಗಸು ಬಂಗುಡೆಯ ಬುಟ್ಟಿಯಿಂದ ಬೊಂಡಾಸದ ಬುಟ್ಟಿಯವರೆಗೆ ಹಿಂಬಾಲಿಸಿದ್ದಳು.

ನಾಲ್ಕು ಜನ ಅವರನ್ನೇ ನೋಡುತ್ತಿದ್ದರು. ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳುವವರು ಮೊದಲು ಎಡಕ್ಕೆ ನೋಡುತ್ತಾರೆ, ಆಮೇಲೆ ಜೇಬು ತಡಕುತ್ತಾರೆ ಎಂದು ಅವರೇ ಹೊಸ ಟಿಸಿಗಳಿಗೆ ಪಾಠ ಹೇಳಿದ್ದರು. ಎಡಕ್ಕೂ ನೋಡದೆ, ಜೇಬೂ ಮುಟ್ಟದೆ, ಮಾವನವರು ಹಲಸಿನ ಹಣ್ಣಿನ ಸಮೇತ ವಾಪಸು ಬಂದಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದರು. ಹೇಳುವಾಗ ಹಿಂದಿಯಲ್ಲೇ ಹೇಳಬೇಕಾಯಿತು, ಸ್ನೇಹಲ್‌ಗೂ ತಿಳಿಯಬೇಕಲ್ಲ.

ಅವಳು ನಗಲಿಲ್ಲ. ತುಟಿ ಬಿಗಿಹಿಡಿದುಕೊಂಡು, ಬ್ರಷ್ ತೆಗೆದು, ಬ್ಲೋವರ್ ಹಚ್ಚಿದಳು. ಬಾಲ್ಕನಿಯಲ್ಲಿ ಹತ್ತು ನಿಮಿಷ ಗಂಧದ ಮಂಜು ಹಾರಿತು. ಕೆಳಗಿನ ಮಾಳಿಗೆಯವರು ಕತ್ತೆತ್ತಿ ನೋಡಿ ಕಿಟಕಿ ಮುಚ್ಚಿಕೊಂಡರು. ರ್‍ಯಾಮಿನ ಪಟ್ಟಿಗಳನ್ನು ಹೊರತೆಗೆದು, ಮಕ್ಕಳು ಪೆನ್ಸಿಲ್ ಗೀಟು ಅಳಿಸುವ ರಬ್ಬರಿನಿಂದ ಅದರ ಅಂಚನ್ನು ಮೆಲ್ಲಗೆ ಉಜ್ಜಿದಳು.

"ರಾಮಗ ವನವಾಸ ಮುಗೀತು" ಎಂದರು ಶಿವಪುತ್ರಪ್ಪ, ಪಟ್ಟಿ ಮತ್ತೆ ತನ್ನ ಜಾಗದಲ್ಲಿ ಟಕ್ಕೆಂದು ಕೂತಾಗ.

ಸ್ನೇಹಲ್ ಬಟನ್ ಒತ್ತಿದಳು. ಗುರ್ ಎಂದಿತು. ಒಂದೇ ಒಂದು ಪೀಂ. ಆಮೇಲೆ ಪರದೆ ನೀಲಿಯಾಗಿ ಬೆಳಗಿತು. ಬಂಗೇರರು ಬಗ್ಗಿ ಫೈಲು ತೆರೆದು ನೋಡಿದರು. ನೂರ ಹನ್ನೆರಡು ಪುಟ ಇದ್ದಲ್ಲೇ ಇದ್ದವು.

"ಲೇಕಿನ್ ಮಮ್ಮಿಯ ಫೈಲ್ ಯಾರು ಚೇಂಜ್ ಮಾಡಿದ್ದು?" ಎಂದು ಯಕ್ಷಿತಾ ಮೌಸ್ ಹಿಡಿದಳು. ಅರ್ಧ ನಿಮಿಷ ಸಾಕಾಯಿತು. "ಪಪ್ಪಾ, ಯೇ ದೇಖೋ. ದೋ ಫೈಲ್ ಇದೆ. ಒಂದು ಓಲ್ಡ್, ಒಂದು ನ್ಯೂ. ನೀನು ಕಟ್ ಮಾಡಿ ನ್ಯೂ ಅಂತ ಸೇವ್ ಮಾಡ್ತೀಯ, ಮತ್ತೆ ರೋಜ್ ಓಲ್ಡ್‌ವಾಲಾ ಓಪನ್ ಮಾಡ್ತೀಯ. ಯಾರೂ ಏನೂ ಮಾಡಿಲ್ಲ."

ಯಾರೂ ಏನೂ ಮಾಡಿಲ್ಲ. ಬಂಗೇರರು ಈ ವಾಕ್ಯವನ್ನು ತಮ್ಮ ಜೀವಮಾನದಲ್ಲಿ ಎಷ್ಟು ಸಾವಿರ ಸಲ ಕೇಳಿದ್ದರೋ, ನಂಬಿದ್ದು ಇದೇ ಮೊದಲು. ಸ್ನೇಹಲ್ ಹೊರಟ ಮೇಲೆ ಅವರು ಕುರ್ಚಿಯಲ್ಲಿ ಕುಸಿದು ಕೂತು, ಹೆಂಡತಿಯ ಮುಖ ನೋಡಲಾಗದೆ ಪಂಚನಾಮೆಯ ಕಾಗದವನ್ನೇ ನೋಡುತ್ತಾ ಹೇಳಿದರು.

"ಐದನೆಯ ಪುಟ ಹಾಕುತ್ತೇನೆ. ಪೂರ್ತಿ ಹಾಕುತ್ತೇನೆ. ಶಿವಪುತ್ರಪ್ಪನವರೇ, ನಿಮ್ಮ ನಲವತ್ತೆಂಟು ನುಡಿಯೂ ಬರಲಿ."

"ಕಾಗಿ?" ಎಂದರು ಶಿವಪುತ್ರಪ್ಪ.

"ಕಾಗೆಯೂ ಬರಲಿ. ಇನ್ನು ಮೇಲೆ ನಾನು ಯಾರ ಮೇಲೂ ಸಂಶಯ ಪಡುವುದಿಲ್ಲ. ಇದು ಮಾತು."

"ನಿಜವಾ?" ಎಂದಳು ಸೇವಂತಿ.

"ಬೇಕಾದರೆ ಪಂಚನಾಮೆಯಲ್ಲಿ ಬರೆದುಕೊಡುತ್ತೇನೆ."

ಬರೆದುಕೊಟ್ಟರು. ಇಬ್ಬರು ಪಂಚರು ಸಹಿ ಹಾಕಿದರು.

ಸಂಶಯವನ್ನು ಬಿಡುವುದು ಸಿಗರೇಟು ಬಿಟ್ಟ ಹಾಗೆ, ಮೊದಲ ದಿನ ತುಂಬ ಕಷ್ಟ. ಭಾನುವಾರ ಮಧ್ಯಾಹ್ನ ಸೇವಂತಿ, ಶಿವಪುತ್ರಪ್ಪ ಮತ್ತು ಯಕ್ಷಿತಾ ಮೂವರೂ ಕಂಪ್ಯೂಟರಿನ ಮುಂದೆ ತಲೆಗೆ ತಲೆ ತಾಗಿಸಿ ಕೂತಿದ್ದರು. ಶಿವಪುತ್ರಪ್ಪನವರ ಪದ್ಯ ಟೈಪ್ ಆಗಬೇಕಿತ್ತು, ಕಾಗುಣಿತ ನೋಡಬೇಕಿತ್ತು. ಬಂಗೇರರು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ದೂರ ಹೋದರೆ ಸೇವಂತಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

"ಎಂತ ನಗು?" ಎಂದು ಒಮ್ಮೆ ಕೇಳಿದರು.

"ಎಂತ ಇಲ್ಲ. ಸಂಶಯವಾ?"

"ಛೆ, ಇಲ್ಲಪ್ಪ" ಎಂದು ಬಂಗೇರರು ಎಲ್ಲರಿಗೂ ಚಹಾ ಮಾಡಲು ಹೋದರು. ಚಹಾದ ಪುಡಿ ಸಿಗಲಿಲ್ಲ. ಯಾರು ಬಚ್ಚಿಟ್ಟಿದ್ದಾರೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೆಳಗಿನ ಅಂಗಡಿಗೆ ಇಳಿದು ಹೋಗಿ ತಂದರು.

ಸಂಜೆ ಐದೂವರೆಗೆ ಪ್ರೆಸ್ಸಿಗೆ ಕಳಿಸುವ ಹೊತ್ತಾಯಿತು. ಒಂದೊಂದೇ ಫೈಲು ತೆರೆದು ಕೊನೆಯ ಸಲ ನೋಡಲು ಅವರ ಬೆರಳು ತುಡಿಯಿತು. ಮುಖ್ಯವಾಗಿ ತಮ್ಮ ಸಂಪಾದಕೀಯ. 'ಪ್ರಾಮಾಣಿಕತೆಯೇ ಪರಮ ಧರ್ಮ' ಎಂಬ ಶೀರ್ಷಿಕೆಯಲ್ಲಿ ನಾಲ್ಕು ಪುಟ ಬರೆದಿದ್ದರು. ಹಿಂದಿನಿಂದ ಸೇವಂತಿ ಕೆಮ್ಮಿದಳು. ಬಂಗೇರರು ಯಾವುದನ್ನೂ ತೆರೆಯದೆ, ಕಣ್ಣು ಮುಚ್ಚಿ ಕಳಿಸಿಬಿಟ್ಟರು. ಕಳಿಸಿದ ಮೇಲೆ ಮನಸ್ಸು ಹಗುರಾಯಿತು. ಸಾಮಾನ್ಯ ಜನ ಇಷ್ಟು ಸುಖವಾಗಿ ಬದುಕುತ್ತಾರೆಯೇ ಎಂದು ಆಶ್ಚರ್ಯವೂ ಆಯಿತು.

ಗುರುವಾರ ಪ್ರೂಫ್ ಬಂತು. "ನಾನು ಫೋನ್‌ನಲ್ಲೇ ನೋಡಿದೆ ಪಪ್ಪಾ, ಸಬ್ ಓಕೆ ಹೈ" ಎಂದಳು ಯಕ್ಷಿತಾ. ಈ ಮಗಳು ಕನ್ನಡ ಓದುವುದು ಬಸ್ಸಿನ ಬೋರ್ಡು ಓದಿದ ಹಾಗೆ, ಒಂದು ಅಕ್ಷರ ಒಂದು ಸ್ಟಾಪು. ನೂರ ಮೂವತ್ತು ಪುಟವನ್ನು ಅವಳು ಒಂದು ರಾತ್ರಿಯಲ್ಲಿ ಓದಿದಳೆಂದರೆ ಹಳೆಯ ಬಂಗೇರರು ಅಲ್ಲೇ ಹಿಡಿದು ಕೂರಿಸುತ್ತಿದ್ದರು. ಹೊಸ ಬಂಗೇರರು "ಒಳ್ಳೆಯದು ಮಗಾ" ಎಂದರು.

ಅದರ ಮುಂದಿನ ಭಾನುವಾರ ಸಮಾರಂಭ. ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಸೇವಂತಿ ರೇಷ್ಮೆ ಸೀರೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಶಿವಪುತ್ರಪ್ಪ ಪೇಟಾ ಸುತ್ತಿ ಕೂತಿದ್ದರು. ಸಂಘದ ಅಧ್ಯಕ್ಷೆ ಹರಿಣಿ ಟೀಚರ್ ರಿಬ್ಬನ್ ಬಿಚ್ಚಿ ಸಂಚಿಕೆ ಬಿಡುಗಡೆ ಮಾಡಿದರು. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು, ಪುಸ್ತಕ ಕೈಗೆ ಬಂದರೆ ಗಟ್ಟಿಯಾಗಿ ಓದದೆ ಇರುವವರಲ್ಲ. "ನಮ್ಮ ಸಂಪಾದಕರ ಮಾತುಗಳನ್ನು ನಾಲ್ಕು ಸಾಲು ಕೇಳಿಸುತ್ತೇನೆ" ಎಂದು ಮೈಕಿನ ಹತ್ತಿರ ಬಂದರು. ವೇದಿಕೆಯ ಕುರ್ಚಿಯಲ್ಲಿ ಬಂಗೇರರು ಕಾಲರ್ ಸರಿಮಾಡಿ ನೆಟ್ಟಗೆ ಕೂತರು.

"ಸಂಪಾದಕನ ತಪ್ಪೊಪ್ಪಿಗೆ" ಎಂದು ಓದಿದರು ಹರಿಣಿ ಟೀಚರ್.

ಬಂಗೇರರ ಕಾಲರ್ ಬಿಗಿಯಾಯಿತು.

"ಪ್ರಿಯ ಓದುಗರೇ, ಈ ಸಂಚಿಕೆ ನಿಮ್ಮ ಕೈ ಸೇರದೆ ಇರುವ ಸಂಭವವಿತ್ತು. ಅದಕ್ಕೆ ಕಾರಣ ನನ್ನ ಹೆಂಡತಿಯ ಮುಖದ ಪೌಡರ್. ಅದನ್ನು ನಾನು ಕಂಪ್ಯೂಟರಿಗೆ ಹಚ್ಚಿದ್ದು ಯಾಕೆಂದರೆ, ನಾನೊಬ್ಬ ಸಂಶಯದ ಮನುಷ್ಯ. ಮದುವೆಯ ದಿನ ಪುರೋಹಿತರು ತಾಳಿ ಕೈಗೆ ಕೊಟ್ಟಾಗ, ಇದು ಅಸಲಿಯೋ ನಕಲಿಯೋ ಎಂದು ಬೆಳಕಿಗೆ ಹಿಡಿದು ನೋಡಿದವನು ನಾನು."

ಹಾಲ್ ಗೊಳ್ಳೆಂದು ನಕ್ಕಿತು. ಹರಿಣಿ ಟೀಚರ್ ನಾಲ್ಕು ಸಾಲಿಗೆ ನಿಲ್ಲಿಸಲಿಲ್ಲ. ಅರ್ಧಚಂದ್ರ ಬಂತು, ಸ್ಕ್ರೂವಿನ ತಲೆಗೆ ಇಟ್ಟ ಚುಕ್ಕೆ ಬಂತು, ಪಂಚನಾಮೆ ಅಕ್ಷರಶಃ ಬಂತು. ನಡುವೆ "ಗಂಟಲದಾಗ ಅನ್ನ ಸಿಕ್ಕಂಗ" ಎಂಬ ಮಾತೂ, "ಎಂತ ಮಾರಾಯ್ರೆ" ಎಂಬ ಮಾತೂ ಒಂದೇ ವಾಕ್ಯದಲ್ಲಿ ಬಂದವು. ಯಾರ ಯಾರ ಕೈ ಎಂದು ಬಂಗೇರರಿಗೆ ತಿಳಿಯದಿರಲು ಅವರೇನು ಕಿವುಡರೇ? ಮುಂದಿನ ಸಾಲು ನೋಡಿದರು. ಶಿವಪುತ್ರಪ್ಪ ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು, ವೈರಿಂಗ್ ಸರಿಯಿದೆಯೋ ಇಲ್ಲವೋ ಎಂಬಂತೆ. ಯಕ್ಷಿತಾ ಫೋನಿನಲ್ಲಿ ವೀಡಿಯೊ ತೆಗೆಯುತ್ತಿದ್ದಳು. ಸೇವಂತಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಉಪನ್ಯಾಸ ಕೇಳುವ ಹಾಗೆ ಕೇಳುತ್ತಿದ್ದಳು.

ಓದಿ ಮುಗಿದಾಗ ಹಿಂದಿನ ಸಾಲಿನವರು ಎದ್ದು ನಿಂತಿದ್ದರು. "ಇಪ್ಪತ್ತೈದು ವರ್ಷದಲ್ಲಿ ನಾನು ಕೊನೆಯವರೆಗೆ ಓದಿದ ಮೊದಲ ಸಂಪಾದಕೀಯ ಇದು" ಎಂದರು ಹರಿಣಿ ಟೀಚರ್. "ತನ್ನ ತಪ್ಪನ್ನು ಹೀಗೆ ಊರ ಮುಂದೆ ಬಿಚ್ಚಿಡುವುದಕ್ಕೆ ದೊಡ್ಡ ಗುಂಡಿಗೆ ಬೇಕು. ಬಂಗೇರರು ಎರಡು ಮಾತು ಆಡಬೇಕು."

ಬಂಗೇರರು ಎದ್ದರು. ಮೈಕಿನವರೆಗಿನ ಆರು ಹೆಜ್ಜೆಯಲ್ಲಿ ಅವರು ತೀರ್ಮಾನ ಮಾಡಿಬಿಟ್ಟರು. ಮಾತು ಕೊಟ್ಟದ್ದು ಹೌದು, ಆದರೆ ಮೋಸಕ್ಕೆ ಒಂದು ಮಿತಿ ಇರಬೇಕು. ಸತ್ಯವನ್ನು ಹೇಳಿಯೇ ತೀರಬೇಕು.

"ಸಭಿಕರೇ," ಎಂದರು ಮೈಕನ್ನು ಎರಡೂ ಕೈಯಲ್ಲಿ ಹಿಡಿದು, "ಇದನ್ನು ಬರೆದವನು ನಾನಲ್ಲ. ನನಗೆ ಗೊತ್ತಿಲ್ಲದ ಹಾಗೆ ಯಾರೋ ನನ್ನ ಕಂಪ್ಯೂಟರ್ ತೆರೆದು, ನನ್ನ ಲೇಖನ ತೆಗೆದು, ಇದನ್ನು ಹಾಕಿದ್ದಾರೆ. ಯಾರು ಅಂತಲೂ ನನಗೆ ಸಂಶಯ ಉಂಟು."

ಚಾವಣಿ ಹಾರಿಹೋಗುವಂಥ ನಗು ಎದ್ದಿತು. ಪ್ರೆಸ್ಸಿನ ಶೇಖರ ಕುರ್ಚಿಯ ಕೈ ಬಡಿದು ಬಡಿದು ನಕ್ಕ. ಯಾರೋ ಸೀಟಿ ಹೊಡೆದರು. ಬಂಗೇರರು "ನಿಜವಾಗಿ, ನಿಜವಾಗಿಯೂ" ಎಂದಷ್ಟೂ ನಗು ಏರಿತು. ಹರಿಣಿ ಟೀಚರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾ, "ಬರೆಯುವುದು ಮಾತ್ರವಲ್ಲ, ಅಭಿನಯವೂ ಬರುತ್ತದೆ ನೋಡಿ ಇವರಿಗೆ" ಎಂದು ಮೈಕಿನಲ್ಲೇ ಘೋಷಿಸಿ, ಅಧ್ಯಕ್ಷೆಗೆಂದು ತಂದಿಟ್ಟಿದ್ದ ಶಾಲನ್ನು ಎತ್ತಿ ಬಂಗೇರರ ಹೆಗಲಿಗೆ ಹೊದಿಸಿಬಿಟ್ಟರು.

ಶಾಲಿನೊಳಗಿನಿಂದ ಬಂಗೇರರು ಮುಂದಿನ ಸಾಲಿನ ಕಡೆ ನೋಡಿದರು. ಸೇವಂತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಪಕ್ಕದ ಹೆಂಗಸು ಅವಳ ಕೈ ಹಿಡಿದು, "ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು" ಎಂದಳು. ಸೇವಂತಿ ನಾಚಿಕೊಂಡು ತಲೆ ತಗ್ಗಿಸಿದಳು.